ಮಂಗಳವಾರದ ಹಳದಿ ಪಾಸು

2025ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 10.40. ಥಾಣೆಯ ವಾಗ್ಳೆ ಎಸ್ಟೇಟಿನ ಪೊಲೀಸ್ ಠಾಣೆಗೆ ಖಾಸಗಿ ಆಸ್ಪತ್ರೆಯೊಂದರ ಭದ್ರತಾ ಮುಖ್ಯಸ್ಥ ಧರ್ಮಪಾಲ ಬಂದ. ಸಬ್‌ಇನ್‌ಸ್ಪೆಕ್ಟರ್ ಜಯಲತಾ ಅವರ ಮೇಜಿನ ಮೇಲೆ ಅಂಗೈಯಗಲದ ಮೂರು ಹಳದಿ ಚೀಟಿಗಳನ್ನಿಟ್ಟ.

"ನವಜಾತ ಶಿಶುಗಳ ಐಸಿಯು ಪಾಸು, ಭೇಟಿ ಸಮಯ ನಾಲ್ಕರಿಂದ ಐದು. ದಿನಕ್ಕೊಂದು ಬಣ್ಣ, ಮಂಗಳವಾರ ಹಳದಿ. ನಿನ್ನೆ ಕೊಟ್ಟದ್ದು ಹದಿನಾಲ್ಕು, ಬಾಗಿಲಲ್ಲಿ ವಾಪಸು ಬಂದದ್ದು ಹದಿನೈದು. ಹಿಂದಿನ ಎರಡು ಮಂಗಳವಾರವೂ ಹೀಗೇ. ಈ ಮೂರೂ ನಕಲಿ."

"ಮಕ್ಕಳೆಲ್ಲ ಇದ್ದಾವಾ?"

"ಇದ್ದಾವೆ. ಆದರೆ ಕದಿಯುವವರು ಮೊದಲು ದಾರಿ ನೋಡಿಕೊಳ್ತಾರಲ್ವಾ, ಮ್ಯಾಡಮ್?"

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಚೀಟಿಗಳ ಪಂಚನಾಮೆ ಮುಗಿಸಿ ಜಯಲತಾ ಭೂತಗನ್ನಡಿ ಹಿಡಿದು ಕೂತರು. ಉಡುಪಿಯ ಹೋಟೆಲಿನವರ ಮಗಳು, ಓದಿದ್ದು ಬಿ.ಎಸ್ಸಿ. ಹೋಲಿಸಲು ತರಿಸಿದ ಅಸಲು ಪಾಸಿನ ಶಾಯಿ ಕಾಗದದೊಳಗೆ ಇಳಿದಿತ್ತು. ನಕಲಿನ ಅಕ್ಷರ ಮೇಲೆಯೇ ಮಿನುಗುತ್ತಿತ್ತು. ಲೇಸರ್ ಪ್ರಿಂಟರಿನ ಪುಡಿ. ಮನೆಯ ಪ್ರಿಂಟರು ಇಷ್ಟು ಚಿಕ್ಕ ಕಾಗದವನ್ನು ಎಳೆದುಕೊಳ್ಳದು. ದೊಡ್ಡ ಹಾಳೆಗೆ ಅಂಟಿಸಿ ಕೊಟ್ಟಿರಬೇಕು. ಚೀಟಿಯ ಹಿಂದೆ, ಮೇಲಿನ ಅಂಚಿನಲ್ಲಿ, ಬಿಸಿಗೆ ಗಟ್ಟಿಯಾದ ಎರಡು ಕಲೆಗಳಿದ್ದವು.

ಕಾನ್‌ಸ್ಟೆಬಲ್ ಮಾನಸಿ ಬಗ್ಗಿ ನೋಡಿದಳು. "ಭಾತ್ ಹೈ ಕ್ಯಾ, ಮ್ಯಾಡಮ್?"

"ಅನ್ನವೇ. ಆದರೆ ಕೆಂಪು ಸಿಪ್ಪೆ ನೋಡು."

ಕುಚ್ಚಲಕ್ಕಿ ಅನ್ನ. ಶಾಲೆಯ ಪುಸ್ತಕಕ್ಕೆ ಹೆಸರುಚೀಟಿ ಅಂಟಿಸಲು ಜಯಲತಾರ ಅಮ್ಮ ಕೊಡುತ್ತಿದ್ದುದೂ ಅದೇ ಅಗುಳು. ಕೊಂಕಣದಲ್ಲೂ ಅದನ್ನು ಉಣ್ಣುವವರಿದ್ದಾರೆ, ಅದೊಂದನ್ನೇ ನಂಬುವಂತಿರಲಿಲ್ಲ. ನಕಲು ಮಾಡಲು ಅಸಲು ಪಾಸು ಕೈಯಲ್ಲಿರಬೇಕು. ಮೂರು ತಿಂಗಳ ರಿಜಿಸ್ಟರಿನಲ್ಲಿ ವಾಪಸಾಗದ ಹಳದಿ ಪಾಸುಗಳು ಹನ್ನೊಂದು. ಅವುಗಳಲ್ಲಿ ಕರಾವಳಿಯ ಹೆಸರು ಎರಡು. ಒಬ್ಬರ ಮಗು ಗುಣವಾಗಿ ಭಿವಂಡಿಯ ಮನೆ ಸೇರಿತ್ತು. ಇನ್ನೊಬ್ಬಳು ಘಣಸೋಲಿಯ ಶ್ರೀಪ್ರಿಯಾ. ಅವಳ ಮಗು ಜನವರಿ 14, ಮಂಗಳವಾರ ತೀರಿಕೊಂಡಿತ್ತು.

ಸಿಸಿಟಿವಿಯಲ್ಲಿ ಮಾಸ್ಕ್ ಹಾಕಿದ ಹೆಂಗಸೊಬ್ಬಳು ನಾಲ್ಕಕ್ಕೆ ಬಂದು, ಗಾಜಿನೆದುರಿನ ಬೆಂಚಿನಲ್ಲಿ ಕೂತು, ಐದಕ್ಕೆ ಎದ್ದು ಹೋಗುತ್ತಿದ್ದಳು. ಅಷ್ಟೇ.

"ಮಗು ಕಳಕೊಂಡವಳು ಇನ್ನೊಬ್ಬರ ಮಗು ಎತ್ತಿಕೊಂಡು ಹೋಗಲಿಕ್ಕಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದ ಧರ್ಮಪಾಲ.

ಮುಂದಿನ ಮಂಗಳವಾರ ಕಾದು ನೋಡೋಣ ಎಂದರು ಜಯಲತಾ. ಅವರಿಗೂ ಅದು ಗೊತ್ತಿರಲಿಲ್ಲ.

ಫೆಬ್ರವರಿ 18, ಮಂಗಳವಾರ. ಮಾನಸಿ ನರ್ಸಿನ ಉಡುಪಿನಲ್ಲಿ ತೊಟ್ಟಿಲುಗಳ ಪಕ್ಕ ನಿಂತಳು. 4.02ಕ್ಕೆ ಶ್ರೀಪ್ರಿಯಾ ಪಾಸು ಕೊಟ್ಟು ಒಳಬಂದಳು. ಚೀಟಿಯ ಹಿಂದೆ ಕೆಂಪು ಕಲೆ. ಹಿಡಿಯಲೇ ಎಂದು ಮಾನಸಿ ಕಣ್ಣಲ್ಲೇ ಕೇಳಿದಳು. ಜಯಲತಾ ತಲೆಯಾಡಿಸಿ ಬೇಡವೆಂದರು. ಒಳಗಿನ ಬಾಗಿಲಿಗೆ ಬೀಗ ಹಾಕಿಸಿ, ತಾವೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಒಂದು ಗಂಟೆ ಶ್ರೀಪ್ರಿಯಾ ಅಲುಗಲಿಲ್ಲ.

ಐದಕ್ಕೆ ಜಯಲತಾ ಗುರುತಿನ ಚೀಟಿ ತೋರಿಸಿದರು.

"ಪಾಸು ಯಾರು ಮಾಡಿದ್ದು?"

"ನಾನೇ ಅಕ್ಕ. ನಮ್ಮ ಮನೆಯವರಿಗೆ ಗೊತ್ತಿಲ್ಲ. ಪ್ರಿಂಟರ್ ಮಾತ್ರ ಇವರದ್ದು."

"ಅನ್ನ ಯಾಕೆ?"

"ಸಣ್ಣ ಕಾಗದ ಒಳಗೆ ಸಿಕ್ಕಿಕೊಳ್ತದೆ. ಟೇಪ್ ಹಚ್ಚಿದರೆ ಬಿಸಿಗೆ ಕರಗಿ ಮೆಷಿನ್ ಹಾಳಾಗ್ತದೆ ಅಂತ ಇವರು ಯಾವಾಗಲೋ ಹೇಳಿದ್ದರು. ಇವರ ಕೆಲಸ ಎಲ್ಲ ಅದರಲ್ಲೇ ಅಲ್ವಾ."

"ಇಲ್ಲಿ ಯಾವ ಮಗುವಿಗಾಗಿ ಬರ್ತೀ?"

"ಯಾವುದಕ್ಕೂ ಅಲ್ಲ. ಆವತ್ತು ಬೆಳಿಗ್ಗೆ ಇವರು ಪಾಸು ತಂದಿಟ್ಟು ಡ್ಯೂಟಿಗೆ ಹೋಗಿದ್ದರು. ನನ್ನ ಟ್ರೇನು ಐರೋಲಿಯಲ್ಲಿ ನಿಂತೇಬಿಟ್ಟಿತು. ಇಲ್ಲಿ ಮುಟ್ಟುವಾಗ ಐದು ಎಂಟು. ಟೈಮ್ ಆಯ್ತು, ನಾಳೆ ಬನ್ನಿ ಅಂದರು. ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದೆ. ಐದು ನಲವತ್ತಕ್ಕೆ ಕರೆದು, ಮಗು ಹೋಯ್ತು ಅಂದರು." ಅವಳು ಗಾಜಿನತ್ತಲೇ ನೋಡುತ್ತಿದ್ದಳು. "ಪಾಸು ಕೈಯಲ್ಲೇ ಇತ್ತು."

ಬಾಗಿಲ ಬಳಿ ನಿಂತಿದ್ದ ಧರ್ಮಪಾಲ ಮೆಲ್ಲನೆ ಆಚೆ ಹೋದ.

ನಕಲಿ ದಾಖಲೆ ಸೃಷ್ಟಿಸಿ ಬಳಸಿದ್ದಕ್ಕೆ ಬಿಎನ್‌ಎಸ್ ಕಲಂ 336 ಮತ್ತು 340ರ ಅಡಿ, ಸಂಜೆ 5.20ಕ್ಕೆ, ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ಬಂಧನ. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವಳು ಗಂಡ ಸಮಿತನ ನಂಬರು ಕೊಟ್ಟಳು. ಆ ರಾತ್ರಿಯೇ ಠಾಣೆಯಲ್ಲಿ ಜಾಮೀನಾಯಿತು. ಪ್ರಿಂಟರು ಮರುದಿನ ಜಪ್ತಿಯಾಯಿತು.

ಕೇಸ್ ಡೈರಿಯಲ್ಲಿ ಜಯಲತಾ ಬರೆದರು: "ಶಿಶು ಅಪಹರಣದ ಉದ್ದೇಶ ಕಂಡುಬಂದಿಲ್ಲ. ಆರೋಪಿಯು ತನ್ನ ಮಗುವಿನ ಬಳಿ ಕಳೆಯಲಾಗದೆ ಹೋದ ಒಂದು ಗಂಟೆಯನ್ನು ಪ್ರತಿ ಮಂಗಳವಾರ ಅಲ್ಲಿ ಕಳೆಯುತ್ತಿದ್ದಳು."