ಎಡಗಡೆಯ ಮುಂದಿನ ಟೈರು

ಎದುರಿನ ಕನ್ನಡಕದಂಗಡಿಯವರ ಕಾರಿನಲ್ಲಿ ಎಡಗಡೆಯ ಮುಂದಿನ ಟೈರೊಂದೇ ಯಾಕೆ ಹಾಳಾಗುತ್ತದೆ ಎಂಬ ಹುಳ ನನ್ನ ತಲೆ ಹೊಕ್ಕು ಬಹಳ ದಿನವಾಗಿತ್ತು. ನಾನು ಟೈರಂಗಡಿಯ ಮಗಳು. ಸವೆದ ಟೈರು ನೋಡಿದರೆ ಓಡಿಸುವವರ ಗುಣ ಹೇಳಬಲ್ಲೆ. ನಡುವೆ ಸವೆದಿದ್ದರೆ ಗಾಳಿ ವಿಪರೀತ ತುಂಬಿಸುವವರು. ಎರಡೂ ಅಂಚು ಸವೆದಿದ್ದರೆ ಗಾಳಿಯನ್ನೇ ನೋಡಿಸದ ಸೋಮಾರಿಗಳು. ಇವರದು ಎರಡೂ ಅಲ್ಲ. ನೆಲಕ್ಕೆ ತಾಗುವ ಭಾಗ ಚೆನ್ನಾಗಿಯೇ ಇದೆ, ಪಕ್ಕದ ಮೈ ಮಾತ್ರ ಬೆಕ್ಕು ಪರಚಿದ ಹಾಗೆ.

ಅವತ್ತು ಬೆಳಿಗ್ಗೆ ಅವರೇ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು.

"ನಾಲ್ಕೂ ಟೈರ್ ಸ್ವಲ್ಪ ನೋಡ್ಬಿಡಿ. ನಾಳೆ ಹೈವೇಲಿ ದೂರ ಹೋಗ್ಬೇಕು."

"ಎಲ್ಲಿಗೆ?"

"ಅಕ್ಕನ ಊರಿಗೆ. ಅಲ್ಲೊಂದು ಅಂಗಡಿ ಖಾಲಿ ಇದೆಯಂತೆ. ಹಿಡಿಸಿದ್ರೆ ಅಲ್ಲೇ ಇದ್ದುಬಿಡೋದು. ಇಲ್ಲಿ ನನ್ನ ಹಿಡಿದಿಟ್ಕೊಳ್ಳೋರು ಯಾರಿದ್ದಾರೆ?"

ಎದುರಿನ ಶಟರ್ ಏಳುವ ಸದ್ದು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ಅವರ ಮೇಲೆ ನನಗೆ ಪ್ರೀತಿ ಇತ್ತು, ಸುತ್ತಿ ಬಳಸಿ ಹೇಳುವುದೇನು? ಆದರೆ ಜಗಳಕ್ಕೆ ಮುಂದಾಗುವ ನನ್ನ ಬಾಯಿ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ. ಮೊಣಕಾಲೂರಿ ಟೈರು ನೋಡಲು ಕೂತೆ.

ಮೂರು ಟೈರುಗಳಿಗೆ ಚಿಂತೆಯಿರಲಿಲ್ಲ. ತಯಾರಾಗಿ ಬಹಳ ಕಾಲವಾಗಿಲ್ಲ, ಗೆರೆಗಳೂ ಆಳವಾಗಿವೆ. ನಾಲ್ಕನೆಯದರ ಪಕ್ಕದ ಮೇಲೆ ಕೈಯಾಡಿಸಿದಾಗ ನೆಲ್ಲಿಕಾಯಿಯಷ್ಟು ಉಬ್ಬು ಸಿಕ್ಕಿತು.

"ಗಾಡಿ ಯಾರ ಕೈಗೆ ಕೊಟ್ಟಿದ್ರಿ?" ಎಂದು ಸಿಡುಕಿದೆ.

"ಯಾರಿಗೂ ಕೊಡಲ್ಲ. ನಾನೇ ಓಡಿಸೋದು."

"ಹಂಗಾದ್ರೆ ನೀವೇ ಕಣ್ಣು ತೋರಿಸ್ಕೊಳ್ಳಿ. ದಿನಾ ಫುಟ್‌ಪಾತ್ ಅಂಚಿಗೆ ಉಜ್ಜಿದೀರಿ. ಒಳಗಿನ ನೂಲು ಹರಿದು ಉಬ್ಬಿಬಿಟ್ಟಿದೆ. ಹೈವೇಲಿ ಬಿಸಿಯೇರಿದ್ರೆ ಒಡೆದೇಹೋಗುತ್ತೆ. ಪ್ಯಾಚ್ ಹಾಕೋ ಜಾಗಾನೂ ಅಲ್ಲ ಇದು."

"ದೀಪದ ಬುಡದಲ್ಲೇ ಕತ್ತಲೆ," ಎಂದು ಅಪ್ಪ ಒಳಗಿನಿಂದ ನಕ್ಕರು.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಕಿವಿ ಕೆಂಪಾಗಿತ್ತು.

"ಜೋಡಿ ಹೊಸದು ಹಾಕ್ತೀನಿ," ಎಂದೆ. "ಹೊಸವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ನೀರು ನಿಂತಿರೋ ರಸ್ತೇಲಿ ಹಿಂಭಾಗ ಜಾರಬಾರದು ನೋಡಿ. ಆದ್ರೆ ಯಾಕೆ ಉಜ್ಜುತ್ತೆ ಅಂತ ತಿಳೀದೆ ಹಾಕಿದ್ರೆ ಅವೂ ಹಾಳು. ನಡೀರಿ, ದಿನಾ ಹೇಗೆ ನಿಲ್ಲಿಸ್ತೀರೋ ಹಾಗೇ ನಿಲ್ಲಿಸಿ ತೋರಿಸಿ. ನಾನು ಪಕ್ಕದಲ್ಲಿ ಕೂರ್ತೀನಿ."

"ನೀವು ಪಕ್ಕದಲ್ಲಿ ಕೂತ್ರೆ ಉಜ್ಜಲ್ಲ."

ಇದೆಂಥ ಉತ್ತರ ಎಂದುಕೊಂಡೇ ಕಾರು ಹತ್ತಿದೆ. ಮೆಲ್ಲಗೆ ಒಂದು ಸುತ್ತು ಹೋಗಿ ಬಂದು, ಅವರ ಅಂಗಡಿಯ ಮುಂದೆ ಅಚ್ಚುಕಟ್ಟಾಗಿ ನಿಲ್ಲಿಸಿದರು. ಟೈರು ಅಂಚನ್ನು ಮುಟ್ಟಲೂ ಇಲ್ಲ.

"ಮತ್ತೆ ಆ ಗಾಯ ಎಲ್ಲಿಂದ ಬಂತು?"

"ನೀವು ಹೋಗಿ ನಿಮ್ಮ ಜಾಗದಲ್ಲಿ ನಿಂತ್ಕೊಳ್ಳಿ. ತೋರಿಸ್ತೀನಿ."

ರಸ್ತೆ ದಾಟಿ ಗಾಳಿ ಮೆಷಿನ್ನಿನ ಪಕ್ಕ ನಿಂತೆ. ಕಾರು ಇನ್ನೊಂದು ಸುತ್ತು ಬಂತು. ನಾನು ಟೈರಿನ ಕಡೆ ನೋಡಬೇಕಿತ್ತು. ಆದರೆ ಬಲಗಡೆಯ ಕಿಟಕಿಯಲ್ಲಿ ಅವರ ಮುಖ ಪೂರ್ತಿ ನನ್ನತ್ತ ತಿರುಗಿತ್ತು. ರಸ್ತೆಯಿಲ್ಲ, ಫುಟ್‌ಪಾತಿಲ್ಲ, ಆ ಕಣ್ಣಿಗೆ ನಾನೊಬ್ಬಳೇ. ಆಚೆ ಬದಿಯಲ್ಲಿ ಟೈರು ಕಲ್ಲಿಗೆ ಉಜ್ಜಿ ಕರ್ರೆಂದಿತು.

ಬಾಯಿಗೆ ಬಂದ ಬೈಗುಳ ಅಲ್ಲೇ ಉಳಿಯಿತು. ಹೋಗಿ ಕಿಟಕಿಯ ಬಳಿ ನಿಂತೆ.

"ಹಿಡಿದಿಟ್ಕೊಳ್ಳೋರು ಯಾರಿದ್ದಾರೆ ಅಂತ ಬೇರೆ ಕೇಳಿದ್ರಲ್ಲ?"

"ನಿಮ್ಮನ್ನೇ ಕೇಳಿದ್ದು. ನೀವು ಟೈರ್ ನೋಡೋಕೆ ಕೂತ್ಬಿಟ್ರಿ."

ನಗು ತಡೆಯಲಾಗಲಿಲ್ಲ. ಅವರಿಗೂ.

"ನಾಳೆ ಹೊರಡೋ ಮುಂಚೆ ಟೈರ್ ತಣ್ಣಗಿರುವಾಗಲೇ ಬನ್ನಿ, ಗಾಳಿ ನಾನೇ ನೋಡ್ತೀನಿ. ಅಕ್ಕನ್ನ ಮಾತಾಡಿಸ್ಕೊಂಡು, ಅಂಗಡಿ ಬೇಡ ಅಂತ ಹೇಳಿ ಬನ್ನಿ."

"ಬಂದ್ಮೇಲೆ?"

"ಗಾಡಿ ನಮ್ಮ ಕಡೆ ನಿಲ್ಲಿಸಿ. ಆಗ ನಾನೂ ಎಡಗಡೆ, ಫುಟ್‌ಪಾತೂ ಎಡಗಡೆ. ಎರಡನ್ನೂ ಒಟ್ಟಿಗೇ ನೋಡ್ಬಹುದು."

ಹೊಸ ಜೋಡಿ ಹಾಕಿಸಿಕೊಂಡು ಅವರು ಊರಿಗೆ ಹೋದ ಮೇಲೆ ಎದುರಿನ ಮುಚ್ಚಿದ ಶಟರನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಅಕ್ಕ ಒತ್ತಾಯ ಮಾಡಿ ಉಳಿಸಿಕೊಂಡರೆ? ಆ ಅಂಗಡಿಯೇ ಹಿಡಿಸಿಬಿಟ್ಟರೆ?

ಒಂದು ಮಧ್ಯಾಹ್ನ ಯಾರದೋ ಸ್ಟೆಪ್ನಿಗೆ ಗಾಳಿ ತುಂಬುತ್ತಿದ್ದೆ. ಹಿಂದೆ ಕಾರೊಂದು ಬಂದು ನಿಂತಿತು, ನಮ್ಮ ಕಡೆ. ಅಭ್ಯಾಸಬಲ, ಮೊದಲು ಎಡಗಡೆಯ ಟೈರನ್ನೇ ನೋಡಿದೆ. ಅಂಚಿನಿಂದ ಒಂದು ಗೇಣು ದೂರದಲ್ಲಿತ್ತು, ಒಂದು ಗೀರೂ ಇರಲಿಲ್ಲ. ಆಮೇಲೆ ತಲೆಯೆತ್ತಿ ಅವರ ಮುಖ ನೋಡಿದೆ.