ಸಿಂಹ ಎರಡು ಸಲ ಬಾಗಿದ ಮೇಜು

ಪಕ್ಕದ ಕಚೇರಿಯಲ್ಲಿ ಅದೇ ಹೆಂಗಸರು ತಿಂಗಳುಗಟ್ಟಲೆ ‘ತರಬೇತಿ’ ಪಡೆಯುತ್ತಿದ್ದರೆ, ಅದೆಂತಹ ಮುಗಿಯದ ಪಾಠವೆಂದು ನೀವು ಒಮ್ಮೆಯಾದರೂ ಕೇಳಿದ್ದೀರಾ?

ಕೇಳಿಲ್ಲ.

ಅದಕ್ಕೇ, ಕ್ವಾಲಾಲಂಪುರದ ಚೆರಾಸ್‌ನಲ್ಲಿ, ನಿಮ್ಮದೇ ಕಟ್ಟಡದ ಮೆಟ್ಟಿಲ ಮೇಲೆ, ಹಾಡಹಗಲಲ್ಲಿ ಒಬ್ಬ ದಡಿಯ ನನ್ನ ಕತ್ತನ್ನು ಕಬ್ಬಿಣದ ಕಂಬಿಗೆ ಒತ್ತಿ ಹಿಡಿದಿದ್ದ.

ಕೆಳಗೆ ನಾಲ್ಕು ಮಹಡಿಯಷ್ಟು ಬರೀ ಗಾಳಿ.

“ಅಂಕಲ್, ಫೋನ್ ಕೊಡಿ. ವಯಸ್ಸಾದೋರು. ಬಿದ್ರೆ ಮೂಳೆ ಕೂಡಲ್ಲ.”

“ಮರ್ಯಾದೆ ಕೊಟ್ಟು ಕತ್ತು ಹಿಸುಕ್ತೀಯಲ್ಲಪ್ಪಾ. ನಿಮ್ಮಮ್ಮ ಚೆನ್ನಾಗಿ ಬೆಳೆಸಿದಾಳೆ.”

ಅವನ ಜೊತೆಗಾರ ನಕ್ಕ. ಕೈ ಮಾತ್ರ ಸಡಿಲವಾಗಲಿಲ್ಲ.

ಅವರಿಗೆ ಬೇಕಾಗಿದ್ದುದು ನನ್ನ ಫೋನಿನಲ್ಲಿದ್ದ ಒಂದು ವಿಡಿಯೋ. ಏಕೆಂದು ಹೇಳಬೇಕಾದರೆ ಆ ಬೆಳಗಿಗೆ ಹೋಗಬೇಕು.

ನನ್ನ ಹೆಸರು ಲಿಯೋಂಗ್. ಪೊಲೀಸರ ಬಳಿ ಹೋಗಲಾರದವರು ನನ್ನ ಬಳಿ ಬರುತ್ತಾರೆ. ಆ ದಿನ ನಿಮ್ಮ ಕಟ್ಟಡದ ಕೆಳಗಿನ ಕಾಫಿ ಅಂಗಡಿಗೆ ಬಂದವಳು ಮಾರಿವಿಕ್. ಫಿಲಿಪೀನ್ಸಿನವಳು. ಗಂಡ ಆರ್ನೆಲ್ ಇಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಇವಳು ಅವನ ಹೆಂಡತಿಯೆಂಬ ವೀಸಾದಲ್ಲಿ ಬಂದವಳು. ಆ ವೀಸಾ ಗಂಡನೊಡನೆ ಬಾಳುವ ಹಕ್ಕನ್ನು ಕೊಡುತ್ತದೆ. ದುಡಿಯುವ ಹಕ್ಕನ್ನಲ್ಲ.

“ಕೆಲಸ ಅಲ್ಲ, ಬರೀ ಟ್ರೈನಿಂಗ್ ಅಂದ್ರು ಅಂಕಲ್. ಪರ್ಮಿಟ್ ಬಂದ್ಮೇಲೆ ಕೆಲಸ ಅಂದ್ರು. ಪರ್ಮಿಟ್‌ಗೆ ಅಂತ ಪಾಸ್‌ಪೋರ್ಟ್ ಇಸ್ಕೊಂಡ್ರು.”

“ಏನು ಕಲಿಸಿದ್ರಮ್ಮಾ?”

“ಮೊದಲನೇ ದಿನ ಹೆಡ್‌ಫೋನ್ ಹಾಕ್ಕೊಳ್ಳೋದು ಕಲಿಸಿದ್ರು. ಅವತ್ತಿಂದ ಬರೀ ಫೋನಲ್ಲಿ ಮಂಡಿನೋವಿನ ಎಣ್ಣೆ ಮಾರೋದೇ.”

“ಬಿಡ್ತೀನಿ ಅನ್ನಲಿಲ್ವಾ?”

“ಅಂದೆ. ಕದ್ದು ಕೆಲಸ ಮಾಡಿದಾಳೆ ಅಂತ ಇಮಿಗ್ರೇಷನ್‌ಗೆ ಹೇಳ್ತೀನಿ ಅಂದ ಬಾಸ್. ನಾಳೆ ನನ್ನ ವೀಸಾ ರಿನ್ಯೂ ಆಗ್ಬೇಕು ಅಂಕಲ್. ಪಾಸ್‌ಪೋರ್ಟ್ ಇಲ್ದಿದ್ರೆ... ಮಗಳನ್ನ ಇಲ್ಲೇ ಬಿಟ್ಟು ನಾನೊಬ್ಳೇ ಊರಿಗೆ ಹೋಗ್ಬೇಕು.”

ಅವಳು ಅಳಲಿಲ್ಲ. ಕಾಫಿಯನ್ನೂ ಮುಟ್ಟಲಿಲ್ಲ.

ಆ ಬಾಸ್‌ನ ಹೆಸರು ವಿನ್ಸನ್ ಯಾಂಗ್. ಹೊರಡುವ ಮುನ್ನ ಅವನ ಫೇಸ್‌ಬುಕ್ ನೋಡಿದೆ. ಮೋಸಗಾರನಿಗೆ ಕನ್ನಡಿಯ ಮೇಲೆ ಇರುವಷ್ಟು ಪ್ರೀತಿ ಹೆಂಡತಿಯ ಮೇಲೂ ಇರುವುದಿಲ್ಲ. ಚೀನೀ ಹೊಸ ವರ್ಷದ ರಜೆ ಮುಗಿದು ಕಚೇರಿ ತೆರೆದ ದಿನದ ಸಿಂಹವೇಷದ ಕುಣಿತದ ವಿಡಿಯೋ ಅಲ್ಲಿ ಸಿಕ್ಕಿತು. ಉಳಿಸಿಕೊಂಡೆ.

ನಮ್ಮ ಚೀನೀ ಯಜಮಾನರಲ್ಲಿ ಸಂಬಳ ಕೊಡಲು ಮರೆಯುವವರಿದ್ದಾರೆ. ಆದರೆ ಆ ದಿನ, ವ್ಯಾಪಾರ ನಡೆಯುವ ಮೇಜಿನ ಬಳಿಗೆ ಸಿಂಹವನ್ನು ಕರೆದು ಬಾಗಿಸಲು ಮರೆಯುವವನು ಒಬ್ಬನೂ ಇಲ್ಲ. ಸಿಂಹ ಬಾರದ ಮೇಜಿಗೆ ಲಕ್ಷ್ಮಿಯೂ ಬಾರಳು.

ಐದನೆಯ ಮಹಡಿಯ ಬಾಗಿಲ ಮೇಲೆ ‘ತರಬೇತಿ ಕೊಠಡಿ’ ಎಂದು ಬರೆದಿತ್ತು. ಒಳಗೆ ಹೆಂಗಸರು ಸಾಲಾಗಿ ಕುಳಿತು ಎಣ್ಣೆ ಮಾರುತ್ತಿದ್ದರು. ವಿನ್ಸನ್ ಗಾಜಿನ ಗೂಡಿನಲ್ಲಿ ಗಬ್ಬೆಂದು ನಾರುವ ದುರಿಯನ್ ಹಣ್ಣಿನ ಕೇಕು ತಿನ್ನುತ್ತಿದ್ದ.

“ಇವ್ರೆಲ್ಲ ಸ್ಟೂಡೆಂಟ್ಸ್, ಅಂಕಲ್. ಬೋರ್ಡ್ ಓದಲಿಲ್ವಾ?”

“ಓದಿದೆ. ಸಿಂಹಾನೂ ಸ್ಟೂಡೆಂಟಾ?”

ಚಮಚ ನಿಂತಿತು. ನಾನು ವಿಡಿಯೋ ತೋರಿಸಿದೆ. ತಮಟೆಯ ಸದ್ದಿನ ನಡುವೆಯೂ ಅವನದೇ ಧ್ವನಿ ಸ್ಪಷ್ಟವಾಗಿತ್ತು: “ಮಾರಿವಿಕ್ ಮೇಜಿಗೆ ಎರಡು ಸಲ ಬಾಗ್ಸಿ. ವ್ಯಾಪಾರ ಎಲ್ಲ ಇಲ್ಲಿಂದ್ಲೇ ಬರೋದು.”

“ಸಂಜೆಯೊಳಗೆ ಎಲ್ಲರ ಪಾಸ್‌ಪೋರ್ಟ್ ವಾಪಸ್ ಕೊಡು,” ಎಂದು ಹೇಳಿ ಹೊರಬಂದೆ.

ಮೆಟ್ಟಿಲಲ್ಲಿ ದಡಿಯರು ಕಾದಿದ್ದರು.

ಈಗ ಕಂಬಿ ಗಂಟಲಿಗೆ ಒತ್ತುತ್ತಿತ್ತು.

“ತಗೋ,” ಎಂದು ಫೋನನ್ನು ಕಂಬಿಯಾಚೆ ಬಿಟ್ಟೆ.

ಇಬ್ಬರೂ ಕೆಳಗೆ ಬಗ್ಗಿ ನೋಡಿದರು. ಅಷ್ಟು ಸಾಕಿತ್ತು. ಮೊಣಕೈಯನ್ನು ಒಬ್ಬನ ಪಕ್ಕೆಗೆ ಇಳಿಸಿದೆ. ಓಡಿದೆ.

ಕೆಳಕ್ಕಲ್ಲ. ಮೇಲಕ್ಕೆ.

ಹಿಂದೆ ಬೂಟುಗಳ ಸದ್ದು. ತರಬೇತಿ ಕೊಠಡಿಗೆ ನುಗ್ಗಿ ಸಾಲಿನ ನಡುವೆ ನಿಂತೆ. ದಡಿಯ ತೋಳೇರಿಸಿಕೊಂಡು ಬಂದ.

“ಹೊರಗೆ ನಿಂತ್ಕೊಳ್ರೋ!” ವಿನ್ಸನ್ ಪಿಸುದನಿಯಲ್ಲೇ ಚೀರಿದ. “ಲೈನಲ್ಲಿ ಕಸ್ಟಮರ್ಸ್ ಇದಾರೆ!”

ಇದೇ ಅವನ ವಿದ್ಯಾಲಯ. ಗಿರಾಕಿ ಆಲಿಸುತ್ತಿರುವಾಗ ಇಲ್ಲಿ ಯಾರನ್ನೂ ಹೊಡೆಯುವಂತಿಲ್ಲ.

“ವಿಡಿಯೋ ಹೋಯ್ತಲ್ಲ ಅಂಕಲ್,” ಎಂದ ವಿನ್ಸನ್, ಬೆವರು ಒರೆಸುತ್ತ. “ನಂದೂ ಡಿಲೀಟ್ ಮಾಡ್ದೆ.”

“ಸಿಂಹದ ತಂಡದೋರು ಡಿಲೀಟ್ ಮಾಡಿದ್ರಾ?”

ಅವನು ಅದನ್ನು ಯೋಚಿಸಿರಲಿಲ್ಲ. ಕುಣಿದ ಪ್ರತಿಯೊಂದು ಕಚೇರಿಯನ್ನೂ ತಂಡದವರು ಜಾಹೀರಾತಿಗೆಂದು ತಮ್ಮ ಪುಟದಲ್ಲಿ ಇಟ್ಟಿರುತ್ತಾರೆ. ಅವನ ಕಂಪ್ಯೂಟರಿನಲ್ಲೇ ತೆರೆದು ತೋರಿಸಿದೆ. ಅದೇ ಧ್ವನಿ. ಸಿಂಹ ಮತ್ತೊಮ್ಮೆ ಬಾಗಿತು. ಎರಡು ಸಲ.

“ಇದನ್ನ ತೋರ್ಸಿದ್ರೆ ಅವಳೂ ಮುಳುಗ್ತಾಳೆ.”

“ಮುಳುಗಬಹುದು. ಅವಳು ನಿನ್ನ ಮಾತು ನಂಬಿ ಬಂದೋಳು, ವಿನ್ಸನ್. ಕಳಿಸಿದ್ರೆ ಅವಳ ಊರಿಗೆ ಹೋಗ್ತಾಳೆ. ನೀನು ಯಾವ ಊರಿಗೆ ಹೋಗ್ತೀಯ? ಜೈಲಿರೋ ಊರಿಗೆ.”

ವಿನ್ಸನ್ ಪರದೆಯನ್ನು ಆರಿಸಿದ. ಬಳಿಕ ಅವನು ಡ್ರಾಯರ್ ಎಳೆದ. ಕೇಕಿನ ಡಬ್ಬಿಯ ಕೆಳಗೆ, ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಪಾಸ್‌ಪೋರ್ಟುಗಳ ಕಟ್ಟು.

ಒಂದೊಂದೇ ಹೆಸರು ಕರೆದೆ. ಒಬ್ಬೊಬ್ಬಳೇ ಹೆಡ್‌ಫೋನ್ ತೆಗೆದಿಟ್ಟು ಎದ್ದು ಬಂದಳು. ಖಾಲಿ ಮೇಜಿನ ಹೆಡ್‌ಫೋನಿನಿಂದ ಯಾರೋ ಮುದುಕ ಕೇಳುತ್ತಿದ್ದ: “ಹಲೋ... ಎಣ್ಣೆ ಬಿಸಿ ಮಾಡಿ ಹಚ್ಬೇಕಾ?”

ಕೆಳಗೆ ಕಾಫಿ ಅಂಗಡಿಯಲ್ಲಿ ಮಾರಿವಿಕ್ ತನ್ನದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕು,” ಎಂದಳು. ಮರುದಿನ ಅವಳ ವೀಸಾ ನವೀಕರಣವಾಯಿತು.

ಇಲ್ಲಿಗೆ ಮುಗಿಯಿತೆಂದು ನೀವು ನಿಟ್ಟುಸಿರುಬಿಡುವಿರಿ. ಬಿಡಬೇಡಿ. ಕಳೆದ ವಾರ ನಿಮ್ಮ ಕಟ್ಟಡದ ಆರನೆಯ ಮಹಡಿಯಲ್ಲಿ ಹೊಸ ಬೋರ್ಡು ಏರಿದೆ: ‘ಕೌಶಲ ಕೇಂದ್ರ’. ಮೇಜುಗಳು ಹಳೆಯವೇ. ದುರಿಯನ್ ವಾಸನೆಯೂ ಹಳೆಯದೇ.

ಹೋಗಿ ಬಾಗಿಲು ತಟ್ಟಿ. ಅಲ್ಲಿ ಕುಳಿತವರ ಪಾಸ್‌ಪೋರ್ಟ್ ಯಾರ ಡ್ರಾಯರಿನಲ್ಲಿದೆಯೆಂದು ಗಟ್ಟಿಯಾಗಿ, ಗಿರಾಕಿಗಳಿಗೂ ಕೇಳುವಂತೆ ಕೇಳಿ.

ನನ್ನ ಕತ್ತು ಇನ್ನೂ ನೋಯುತ್ತಿದೆ. ಈ ಸಲ ಮೆಟ್ಟಿಲು ನೀವು ಹತ್ತಿ.