ಗಿರಾಕಿಯ ಕಡೆ ತಿರುಗಿಸಿದ ಪರದೆ

ಗಣಿತದ ಪ್ರಶ್ನೆಪತ್ರಿಕೆಯ ಕಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಆದರೆ ಅದರ ಪ್ರಶ್ನೆಗಳೆಲ್ಲ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬನ ಮೊಬೈಲಿನಲ್ಲಿದ್ದವು—ಒಂದೂ ಬಿಟ್ಟುಹೋಗದೆ, ಅದೇ ಕ್ರಮದಲ್ಲಿ!

ಮುಖ್ಯೋಪಾಧ್ಯಾಯಿನಿ ಶರಣಬಸಮ್ಮ ಮೊಬೈಲನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅರ್ಧವಾರ್ಷಿಕ ಪರೀಕ್ಷೆ ಅಲ್ಲಿಗೇ ನಿಂತಿತು. ಮೆಸೇಜು ಎಷ್ಟೋ ಕೈ ದಾಟಿ ಬಂದಿತ್ತು. ಮೊದಲು ಕಳಿಸಿದ್ದು ಯಾರು? ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುವವರೇ.

"ಇದರಾಗ ಹುಡುಕೂದು ಏನದರಿ?"

ಕೋಣೆಗೆ ನುಗ್ಗಿದವನು ಕಲ್ಯಾಣಕುಮಾರ. ಅಫಜಲಪುರದಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ, ಶಾಲಾ ಕಮಿಟಿಯಲ್ಲಿ ಸದಸ್ಯತ್ವ, ಎರಡಕ್ಕೂ ಮೀರಿದ ಗಂಟಲು.

"ಪೇಪರ್ ಟೈಪ್ ಮಾಡಿದಾಕಿ ಅಫ್ರೀನ. ಆಕಿ ತಂಗಿ ಮಿನಾಜ ಇದೇ ಕ್ಲಾಸಿನಾಗ ಓದ್ತಾಳ. ಪೊಲೀಸರಿಗೆ ಕಂಪ್ಲೇಂಟ್ ಕೊಡ್ರಿ, ಹುಡುಗಿಗೆ ಟಿ.ಸಿ. ಕೊಟ್ಟು ಕಳಸ್ರಿ. ಮುಗೀತು! ನನ್ನ ಮಗಳು ಸೃಷ್ಟಿ ಹಗಲು-ರಾತ್ರಿ ಓದ್ಯಾಳ. ಆಕಿಗೆ ಅನ್ಯಾಯ ಆಗಬಾರದು."

"ಮೊದಲ ಕೇಳೂಣ್ರಿ," ಎಂದು ಶರಣಬಸಮ್ಮ ಎದ್ದರು. ಅವನೂ ಬೆನ್ನುಹತ್ತಿದ. ಬೇಡವೆಂದರೆ ಬಿಡುವ ಆಸಾಮಿ ಅಲ್ಲ.

ಬಸ್ ನಿಲ್ದಾಣದ ಹತ್ತಿರ, ಟೈಪಿಂಗ್ ಮತ್ತು ಆಮಂತ್ರಣ ಕಾರ್ಡು ಮಾಡಿಕೊಡುವ ಅಫ್ರೀನಳ ಅಂಗಡಿಯ ಷಟರು ಅರ್ಧ ಇಳಿದಿತ್ತು. ಸುದ್ದಿ ಆಗಲೇ ತಲುಪಿತ್ತು. ಪರದೆಬಟ್ಟೆಯ ಹಿಂದಿನ ಕೋಣೆಯಲ್ಲಿ ಯಾರೋ ಬಿಕ್ಕುತ್ತಿದ್ದರು—ಮಿನಾಜ.

"ನಾ ಯಾರಿಗೂ ತೋರಸಿಲ್ರಿ ಮೇಡಂ," ಅಫ್ರೀನಳ ದನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. "ಪ್ರಿಂಟ್ ನಿಮ್ಮ ಕೈಯಾಗೇ ಕೊಟ್ಟೇನಿ. ಸಂಜೀಕ ಅಂಗಡಿ ಮುಚ್ಚೂ ಮುಂದ ಫೈಲೂ ಅಳಸೇನಿ. ಮತ್ತೇನು ಮಾಡ್ಲಿ?"

ಶರಣಬಸಮ್ಮ ಮೆಸೇಜನ್ನು ಮತ್ತೆ ಓದಿದರು. ಒಂದು ಕಡೆ ಕಣ್ಣು ನಿಂತಿತು.

"ಗೋಪುರದ ನೆರಳು ಎಷ್ಟು ಮೀಟರ್, ಅಫ್ರೀನ?"

"ಹದಿನೈದು ರೀ. ನಾ ಮೊದಲ ಐವತ್ತೊಂದು ಅಂತ ಹೊಡ್ದಿದ್ದೆ. ಪ್ರಿಂಟ್ ತಗೀಯೂ ಮುಂದ ನೋಡಿ, ತಿದ್ದೇನಿ."

"ಪ್ರಿಂಟಿನಾಗ ಹದಿನೈದು. ಮೇಷ್ಟ್ರು ಕೈಲೆ ಬರದದ್ದೂ ಹದಿನೈದು. ಮೆಸೇಜಿನಾಗ ಮಾತ್ರ ಐವತ್ತೊಂದು!"



"ಅದಕ್ಕೇನ್ರಿ?" ಕಲ್ಯಾಣಕುಮಾರ ಗೊಣಗಿದ. ಶರಣಬಸಮ್ಮ ಅಫ್ರೀನಳತ್ತ ತಿರುಗಿದರು.

"ನೀ ಟೈಪ್ ಮಾಡೂವಾಗ ಇಲ್ಲಿ ಏನೇನು ನಡೀತು? ಎಲ್ಲಾ ಹೇಳು."

"ಏನು ನಡೀಲಿಲ್ಲ ಅಂತ ಕೇಳ್ರಿ!" ಅಫ್ರೀನ ಮೇಜಿನ ಮೇಲಿದ್ದ ಎರಡನೇ ಮಾನಿಟರಿನ ಕಡೆ ಕೈ ಬೀಸಿದಳು. ಅದರ ಬೆನ್ನು ಅವಳ ಕಡೆಗೆ, ಮುಖ ಗಿರಾಕಿಗಳ ಬೆಂಚಿನ ಕಡೆಗೆ. "ಇದೊಂದು ಪೀಡಾ ಬಂದು ಕುಂತದ. ಗಿರಾಕಿ ತಮ್ಮ ಕಾರ್ಡಿನ ಅಕ್ಷರ ತಾವೇ ನೋಡ್ಲಿ ಅಂತ ಲ್ಯಾಪ್‌ಟಾಪಿಗೆ ಜೋಡಿಸಿದ್ವಿ. ಅವತ್ತ ಮುಂಜಾನೆ ಕಂಪ್ಯೂಟರ್ ರಿಪೇರಿ ಮಾಡೂ ಜಮೀರ ಬಂದು ಜೋಡಿಸಿದ. ಮೊದಲ ಕೇಬಲ್ ಹಿಡೀಲಿಲ್ಲ. ಹಿಡೀತು ಅಂದ್ರ, ಎಡಕ್ಕ ಸರಿಸಿದ ಮೌಸ್ ಬಲಕ್ಕ ಹೋತು. ಅದೂ ಸರಿ ಆತು—ಅದರಾಗ ಗಿರಾಕಿ ಕಾರ್ಡ್, ಇದರಾಗ ನನ್ನ ಕೆಲಸ, ಬ್ಯಾರೆ ಬ್ಯಾರೆ. ಮಧ್ಯಾಹ್ನ ಪೇಪರ್ ಟೈಪ್ ಮಾಡಾಕತ್ತಾಗ ಮತ್ತ ಕೆಡ್ತು!"

"ಇಷ್ಟಕ್ಕ ಇಷ್ಟು ರಗಳೆ?" ಕಲ್ಯಾಣಕುಮಾರ ನಕ್ಕ. "ನನ್ನ ಅಂಗಡ್ಯಾಗ ಎರಡು ಸ್ಕ್ರೀನ್ ನಾನೇ ಜೋಡಿಸೇನಿ."

"ಹೆಂಗ ಕೆಡ್ತು?" ಶರಣಬಸಮ್ಮ ಕೇಳಿದರು.

"ಅಕ್ಷರ ಒಮ್ಮಿಗೇ ದಪ್ಪ ಆದ್ವು. ಮೌಸ್ ದಂಡಿಗೆ ಹೋಗಿ ನಿಲ್ಲಾಕತ್ತು, ಆ ಕಡಿ ದಾಟವಲ್ದು. ಇವರ ಗೃಹಪ್ರವೇಶದ ಕಾರ್ಡ್ ಬಂದು ನನ್ನ ಪೇಪರಿನ ಮ್ಯಾಲೇ ಕುಂತಿತ್ತು. ಅದನ್ನ ಮಿನಿಮೈಜ್ ಮಾಡಿ ಕೆಳಗ ಒತ್ತಿ, ಕಣ್ಣು ಕಿರಿದು ಮಾಡ್ಕೊಂಡು ಪೂರಾ ಟೈಪ್ ಮಾಡೇನಿ. ಜಮೀರ ಸಂಜೀಕ ಬಂದು ಸರಿ ಮಾಡಿದ."

ಶರಣಬಸಮ್ಮ ಕಲ್ಯಾಣಕುಮಾರನ ಕಡೆ ತಿರುಗಿದರು. "ನೀವು ಇಲ್ಲೇ ಇದ್ರೇನ್ರಿ?"

"ಇದ್ದೆ. ಇಲ್ಲ ಅಂತ ಯಾರು ಅಂದ್ರು? ಆಕಿ ಟೈಪ್ ಮಾಡೂತನಕ ಈ ಬೆಂಚಿನ ಮ್ಯಾಲ ಕುಂತು ನನ್ನ ಕಾರ್ಡ್ ಓದಾಕತ್ತಿದ್ದೆ. ಬೀಗರ ಹೆಸರು ಭಾಳ ಇದ್ವು. ಆ ಜಮೀರನ್ನ ಹಿಡೀರಿ! ಫೈಲ್ ಇರೂವಾಗ ಬಂದಾನ. ಪೆನ್‌ಡ್ರೈವ್ ಕಿಸೇದಾಗ ಇಟ್ಕೊಂಡೇ ಅಡ್ಡಾಡ್ತಾನ."

ಜಮೀರ ಕೆಲಸಕ್ಕೆಂದು ಜೇವರ್ಗಿಗೆ ಹೋಗಿದ್ದ. ಫೋನು ಹತ್ತುವಷ್ಟರಲ್ಲಿ ಶರಣಬಸಮ್ಮನವರ ಸಹನೆ ತಳ ಕಂಡಿತ್ತು. ಅತ್ತ ಬಸ್ಸಿನ ಗದ್ದಲ.

"ಏನ್ರಿ ಮೇಡಂ? ಕೇಳಸವಲ್ದು! ಹಾಂ, ಮಾನಿಟರಾ? ಎರಡೂ ಸ್ಕ್ರೀನಿನಾಗ ಒಂದೇ ಚಿತ್ರ ಬರಾಕತ್ತಿತ್ತು. ಬ್ಯಾರೆ ಬ್ಯಾರೆ ಮಾಡಿ ಬಂದೆ, ಅಷ್ಟೇ. ಮುಂಜಾನೆ ನಾ ಬ್ಯಾರೆ ಬ್ಯಾರೆನೇ ಇಟ್ಟಿದ್ದೆ ರೀ. ನಡುವ ಯಾರೋ ಕೀ ಒತ್ತ್ಯಾರ..." ಫೋನು ಕಡಿಯಿತು.

"ಅಫ್ರೀನ, ಕೆಡೂ ಮುಂಚೆ ನೀ ಎದ್ದು ಎಲ್ಲಿಗಾದ್ರೂ ಹೋಗಿದ್ದೇನು?"

"ಪ್ರಿಂಟರಿಗೆ ಕಾಗದ ತರಾಕ ಒಳಗ ಹೋಗಿದ್ದೆ. ಬಂದು ನೋಡ್ತೇನಿ, ಅಕ್ಷರ ದಪ್ಪ."

ಶರಣಬಸಮ್ಮ ಬೆಂಚಿನ ಮೇಲೆ ಕುಳಿತರು. ಎದುರಿಗೇ ಎರಡನೇ ಪರದೆ; ಅದರ ಪಕ್ಕ, ಕೈಯಳತೆಯಲ್ಲಿ, ಲ್ಯಾಪ್‌ಟಾಪು.

"ಐವತ್ತೊಂದು ಅನ್ನೂ ತಪ್ಪು ಪ್ರಿಂಟಿನಾಗ ಇಲ್ಲ. ಪ್ರಿಂಟ್ ಆದಮ್ಯಾಲ ಲ್ಯಾಪ್‌ಟಾಪಿನಾಗ ಉಳಿದ ಫೈಲಿನಾಗೂ ಇರಲಿಲ್ಲ, ತಿದ್ದಿ ಆಗಿತ್ತು. ಅಂದಮ್ಯಾಲ ಸಂಜೀಕ ಬಂದ ಜಮೀರ ಅಲ್ಲ. ಪ್ರಿಂಟ್ ನೋಡಿದವರೂ ಅಲ್ಲ. ಆ ತಪ್ಪು ಇದ್ದದ್ದು ಒಂದೇ ಕಡೆ—ಟೈಪ್ ಆಗಾಕತ್ತಾಗಿನ ಪರದೆ ಮ್ಯಾಲ. ಮಿನಾಜ ಆಗ ಸಾಲ್ಯಾಗ ನನ್ನ ಕಣ್ಣ ಮುಂದಿದ್ದಳು."

"ಹಂಗಾದ್ರ ಇವಳೇ!" ಕಲ್ಯಾಣಕುಮಾರ ಅಫ್ರೀನಳತ್ತ ಬೆರಳು ಮಾಡಿದ.

"ಆಕಿನೇ ಕೊಡೂದಿದ್ರ ತಿದ್ದಿದ್ದೇ ಕೊಡ್ತಿದ್ದಳು. ಕೇಳ್ರಿ. ಎರಡೂ ಪರದೆ ಒಂದಾದಾಗ ಲ್ಯಾಪ್‌ಟಾಪು ಈ ಹಳೇ ಮಾನಿಟರಿನ ಅಳತೆಗೆ ಇಳೀತದ. ಅದಕ್ಕ ಅಕ್ಷರ ದಪ್ಪ. ಆ ಕಡಿ ಜಾಗಾನೇ ಇಲ್ಲ, ಅದಕ್ಕ ಮೌಸ್ ದಾಟಲಿಲ್ಲ. ನಿಮ್ಮ ಕಾರ್ಡ್ ಈ ಕಡಿ ಬಂತು, ಅಫ್ರೀನ ಅದನ್ನ ಕೆಳಗ ಒತ್ತಿದಳು. ಆಮ್ಯಾಲ ಈ ಪರದ್ಯಾಗ ನಿಮ್ಮ ಕಾರ್ಡ್ ಇರಲೇ ಇಲ್ಲ. ಇದ್ದದ್ದು ಗಣಿತದ ಪೇಪರು!"

ಕಲ್ಯಾಣಕುಮಾರ ಷಟರಿನ ಕಡೆ ಹೆಜ್ಜೆ ಇಟ್ಟ. ಶರಣಬಸಮ್ಮ ಬಿಡಲಿಲ್ಲ.

"ಕಾರ್ಡ್ ಮಾಯ ಆದ್ರ ಬ್ಯಾರೆ ಗಿರಾಕಿ 'ಎಲ್ಲಿ ಹೋತು?' ಅಂತ ಒದರತಿದ್ದ. ನೀವು—ಸಣ್ಣದಕ್ಕೂ ಗಂಟಲು ಹರಕೊಳ್ಳೂ ನೀವು—ತುಟಿ ಬಿಚ್ಚಲಿಲ್ಲ. ಇಲ್ಲದ ಕಾರ್ಡ್ ಕೊನೀತನಕ ಓದಿದ್ರಿ! ಆಕಿ ಕಾಗದಕ್ಕ ಒಳಗ ಹೋದಾಗ ಕೀ ಒತ್ತಿದವರು ನೀವು—ಎರಡು ಸ್ಕ್ರೀನಿನ ಕೆಲಸ ನಿಮಗ ಗೊತ್ತದ. ಮೊಬೈಲಿನಾಗ ಬರಕೊಂಡವರೂ ನೀವೇ, ಕಲ್ಯಾಣಕುಮಾರ್."

ಷಟರಿನಾಚೆ ಯಾವುದೋ ಬಸ್ಸಿನ ಕಂಡಕ್ಟರು ಆಳಂದ, ಆಳಂದ ಎಂದು ಕೂಗುತ್ತಿದ್ದ. ಕಲ್ಯಾಣಕುಮಾರ ಬೆವರು ಒರೆಸಿಕೊಂಡ. ಮೊದಲ ಸಲ ಅವನ ದನಿ ಸಣ್ಣದಾಯಿತು.

"ಮಗಳು ಕೇಳಿಲ್ರಿ. ನಾನೇ ಕಳಿಸಿದೆ. ಆಕಿ ಗೆಳತೇರಿಗೆ ಕಳಸ್ತಾಳ ಅಂತ ಗೊತ್ತಿರಲಿಲ್ಲ... ಪೊಲೀಸು ಗಿಲೀಸು ಬ್ಯಾಡ್ರಿ ಮೇಡಂ."

"ಮುಂಜಾನೆ ಪೊಲೀಸರನ್ನ ಕರೀರಿ ಅಂದವರು ಯಾರ್ರಿ?" ಶರಣಬಸಮ್ಮ ಗದರಿದರು. "ಕಮಿಟಿಗೆ ಇವತ್ತೇ ರಾಜೀನಾಮೆ ಕೊಡ್ರಿ. ಮುಂದಿಂದು ಕಮಿಟಿ ನೋಡ್ತದ."

ಅವನು ಅಫ್ರೀನಳತ್ತ ತಿರುಗಿ ಕೈ ಜೋಡಿಸಹೋದ.

"ನನಗಲ್ರಿ," ಎಂದಳು ಅಫ್ರೀನ. "ಒಳಗ ಅಳಾಕತ್ತಾಳಲ್ಲ, ಆಕಿಗೆ ಹೇಳ್ರಿ."

ಕಲ್ಯಾಣಕುಮಾರ ಪರದೆಬಟ್ಟೆಯ ಮುಂದೆ ಹೋಗಿ ನಿಂತ. "ತಪ್ಪಾತವ್ವ," ಎಂದ.

ಬಿಕ್ಕು ನಿಂತಿತು. ಒಳಗಿನಿಂದ ಮಿನಾಜಳ ದನಿ ಬಂತು, ಅವನಿಗಲ್ಲ, ಶರಣಬಸಮ್ಮನವರಿಗೆ:

"ಮೇಡಂ, ಸೃಷ್ಟಿಗೆ ಬೈಬ್ಯಾಡ್ರಿ. ಆಕಿ ಗಣಿತದಾಗ ನನಕಿಂತ ಶಾಣ್ಯಾ ಅದಾಳ. ಅವರಪ್ಪಗೇ ಗೊತ್ತಿಲ್ಲೇನು?"